ಹಾಸಿಗೆಯ ಅಳತೆ

ಪೀಣ್ಯದ ಪಕ್ಕದ ಹೆಗ್ಗನಹಳ್ಳಿಯಲ್ಲಿ ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ, ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳಿಗಾಗಿ ಹಣಕಾಸಿನ ತಿಳಿವಳಿಕೆ ಶಿಬಿರ ಇತ್ತು. ಪರಿಚಯದವರೊಬ್ಬರು ಕರೆದರೆಂದು ಹೋಗಿ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಬ್ಯಾಂಕಿನಿಂದ ಬಂದಿದ್ದ ಅಧಿಕಾರಿ ಸಜ್ಜನರು. ರಜದ ದಿನ ಮನೆ ಬಿಟ್ಟು ಬಂದಿದ್ದರು, ಯಾರನ್ನೂ ಹೀಗಳೆಯಲಿಲ್ಲ. 'ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಸುಮ್ಮನೆ ಹೇಳಿಲ್ಲಮ್ಮ' ಎಂದು ಶುರುಮಾಡಿ, ಕೈಸಾಲ ಮಾಡಬೇಡಿ, ತಿಂಗಳಿಗೆ ಇಷ್ಟೆಂದು ಎತ್ತಿಡಿ, ಬಂದದ್ದು ಹೋದದ್ದು ಬರೆದಿಡಿ ಎಂದರು. ಮಧ್ಯದ ಸಾಲಿನಿಂದ ಮೂವತ್ತೈದರ ಆಸುಪಾಸಿನ ಹೆಂಗಸೊಬ್ಬರು ಎದ್ದರು. ತಾನು ಬರೆದಿಡುತ್ತಲೇ ಇದ್ದೇನೆ ಎಂದು ಮಗನ ಹಳೆಯ ನೋಟ್‌ಬುಕ್ಕಿನ ಕೊನೆಯ ಹಾಳೆ ತೆರೆದು ಓದತೊಡಗಿದರು. ಪಿಎಫ್, ಇಎಸ್‌ಐ ಕಳೆದು ಕೈಗೆ ಬರುವುದು 11 ಸಾವಿರ ಚಿಲ್ಲರೆ. ನೀರೂ ಸೇರಿ ಶೀಟ್ ಮನೆಯ ಬಾಡಿಗೆ 5,500. ಇಬ್ಬರು ಮಕ್ಕಳ ಫೀಸು ತಿಂಗಳಿಗೆ ಹಂಚಿದರೆ 2,000. ಸಂಘದ ಕಂತು 2,400. ಗ್ಯಾಸು 900. ಮಧುಗಿರಿ ಕಡೆಯ ಹಳ್ಳಿಯಲ್ಲಿರುವ ಅಮ್ಮನ ಮಾತ್ರೆಗೆ 800. ಗಂಡ ಪೇಂಟಿಂಗ್ ಕೆಲಸದವರು, ಕೆಲಸ ಸಿಕ್ಕ ದಿನ ಕೂಲಿ, ಸಿಗದ ದಿನ ಇಲ್ಲ. ಅಧಿಕಾರಿ ಮನಸ್ಸಿನಲ್ಲೇ ಕೂಡಿಸಿ ನೋಡಿ, 'ಇದರಲ್ಲಿ ಯಾವುದನ್ನ ಕಮ್ಮಿ ಮಾಡಬಹುದು ನೋಡೋಣ' ಎಂದರು. ಆಕೆ, 'ಸಾರ್, ಊಟದ್ದು ಇನ್ನೂ ಬರ್ದಿಲ್ಲ' ಎಂದರು.

ಆ ಮಾತಿಗೆ ಆ ದಿನ ಉತ್ತರ ಸಿಗಲಿಲ್ಲ. ಸಿಗದೇ ಹೋದದ್ದು ಅಧಿಕಾರಿಯ ತಪ್ಪೂ ಅಲ್ಲ. ಬಡತನದ ಬಗ್ಗೆ ನಾವೆಲ್ಲ ನಂಬಿಕೊಂಡು ಬಂದಿರುವ ಒಂದು ಮಾತಿನಲ್ಲಿ ಆ ಉತ್ತರಕ್ಕೆ ಜಾಗವೇ ಇಲ್ಲ. ಕೈ ಕೆಸರಾದರೆ ಬಾಯಿ ಮೊಸರು, ದುಡಿಮೆಯೇ ದುಡ್ಡಿನ ತಾಯಿ ಎಂದು ಮನೆಯಲ್ಲೂ ಶಾಲೆಯಲ್ಲೂ ಲಾರಿಯ ಹಿಂಭಾಗದಲ್ಲೂ ಓದಿಕೊಂಡೇ ಬೆಳೆದವರು ನಾವು. ಬಂಡವಾಳ ಹೂಡಿಕೆಯ ಸಮಾವೇಶ ನಡೆದಾಗಲೆಲ್ಲ ಇಷ್ಟು ಲಕ್ಷ ಉದ್ಯೋಗ ಎಂಬ ಸಂಖ್ಯೆ ಪತ್ರಿಕೆಯ ತಲೆಬರಹವಾಗುತ್ತದೆ. ಆ ಉದ್ಯೋಗಕ್ಕೆ ಸಂಬಳ ಎಷ್ಟು, ಅದರಲ್ಲಿ ಸಂಸಾರ ನಡೆಯುತ್ತದೆಯೇ ಎಂದು ಕೇಳುವ ರೂಢಿ ವರದಿಗಾರರಿಗೂ ಇಲ್ಲ, ಓದುಗರಿಗೂ ಇಲ್ಲ. ಕೆಲಸ ಸಿಕ್ಕಿತೆಂದರೆ ಬಡತನದ ಕಥೆ ಮುಗಿಯಿತು ಎಂದುಕೊಳ್ಳುತ್ತೇವೆ. ಮುಗಿಯದೇ ಇದ್ದಾಗ ಕಾರಣವನ್ನು ಆ ಮನುಷ್ಯನ ಒಳಗೆ ಹುಡುಕುತ್ತೇವೆ. ಕುಡೀತಾನೇನೋ, ಮದುವೆಗೆ ದುಂದು ಮಾಡಿರಬೇಕು, ಓದಲಿಲ್ಲವಲ್ಲ, ಕೈಯಲ್ಲಿ ಕಸುಬಿಲ್ಲವಲ್ಲ.

ಕಾಲು ಎಷ್ಟು ಚಾಚಬೇಕೆಂದು ಹೇಳುವವರಿಗೆ ಕೊರತೆಯಿಲ್ಲ. ಹಾಸಿಗೆ ಎಷ್ಟು ಉದ್ದವಿರಬೇಕು ಎಂಬುದನ್ನು ಯಾರಾದರೂ ಅಳೆದಿದ್ದಾರೆಯೇ ಎಂಬುದು ನನ್ನ ಪ್ರಶ್ನೆ. ಅಳೆದಿದ್ದಾರೆ. ಸರ್ಕಾರವೇ ಕೂತು ಅಳೆದಿದೆ. ಆಮೇಲೆ, ಅಳೆದದ್ದಕ್ಕಿಂತ ಗಿಡ್ಡನೆಯ ಹಾಸಿಗೆಯನ್ನೇ ಹೊಲಿದು ಕೊಟ್ಟಿದೆ. ಕೆಲಸವಿದ್ದೂ ಬಡವರಾಗಿರುವವರ ಬಡತನ ಬಹುಪಾಲು ಈ ಎರಡು ಅಳತೆಗಳ ನಡುವಿನ ಅಂತರ ಎಂಬುದು ನಾನು ಇಲ್ಲಿ ಹೇಳಹೊರಟಿರುವ ಮಾತು.

1948ರಲ್ಲಿ ಕನಿಷ್ಠ ವೇತನ ಕಾಯ್ದೆ ಬಂತು. ಕನಿಷ್ಠ ಎಂದರೆ ಎಷ್ಟು ಎಂದು ಕಾಯ್ದೆ ಹೇಳಿರಲಿಲ್ಲ. 1957ರಲ್ಲಿ ಸೇರಿದ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ ಸರ್ಕಾರ, ಮಾಲೀಕರು, ಕಾರ್ಮಿಕರು ಮೂವರೂ ಕೂತು ಅದಕ್ಕೊಂದು ಸೂತ್ರ ಒಪ್ಪಿದರು. ದುಡಿಯುವ ಒಬ್ಬರ ಸಂಬಳ ಮೂರು ಬಳಕೆ ಘಟಕಗಳನ್ನು ಸಾಕಬೇಕು: ಗಂಡ 1, ಹೆಂಡತಿ 0.8, ಎರಡು ಮಕ್ಕಳು ತಲಾ 0.6. ಒಂದೊಂದು ಘಟಕಕ್ಕೂ ದಿನಕ್ಕೆ 2,700 ಕ್ಯಾಲೊರಿ ಆಹಾರ. ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ. ಸರ್ಕಾರದ ಕೈಗಾರಿಕಾ ವಸತಿ ಯೋಜನೆಯ ಲೆಕ್ಕದಂತೆ ಬಾಡಿಗೆ. ಸೌದೆ, ದೀಪ, ಇತರೆ ಖರ್ಚಿಗೆಂದು ಒಟ್ಟು ವೇತನದಲ್ಲಿ ಶೇ 20. ಮೂವತ್ತನಾಲ್ಕು ವರ್ಷದ ಬಳಿಕ, 1991ರಲ್ಲಿ, ರಾಪ್ಟಕೋಸ್ ಬ್ರೆಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಇನ್ನೊಂದು ಬಾಬು ಸೇರಿಸಿತು. ಮಕ್ಕಳ ಓದು, ಔಷಧ, ಹಬ್ಬಹರಿದಿನ, ಮುಪ್ಪು, ಮದುವೆ ಇವುಗಳಿಗಾಗಿ ಕನಿಷ್ಠ ವೇತನದಲ್ಲಿ ಶೇ 25 ಇರಬೇಕು ಎಂದಿತು.

ಈ ಪಟ್ಟಿಯನ್ನು ಮೊದಲ ಸಲ ಓದಿದಾಗ ನನಗೆ 72 ಗಜ ಬಟ್ಟೆ ಮನಸ್ಸಿನಲ್ಲಿ ನಿಂತುಬಿಟ್ಟಿತು. ಒಂದು ಲೈನ್‌ನಲ್ಲಿ ಕೂತು ದಿನಕ್ಕೆ ನೂರಾರು ಶರ್ಟುಗಳ ಕಾಲರೋ ಕಫ್ಫೋ ಹೊಲಿಯುವವರ ಮನೆಗೆ ವರ್ಷಕ್ಕೆ ಇಷ್ಟು ಗಜ ಎಂದು ಯಾರೋ ಯೋಚಿಸಿ ಬರೆದಿದ್ದಾರೆ. ಬರೆದವರು ಕರುಣೆಯಿಂದಲೇ ಬರೆದಿದ್ದಾರೆ. ಇದು ಸುಖಜೀವನದ ಅಳತೆಯಲ್ಲ, ಮನುಷ್ಯ ನಾಳೆಯೂ ಕೆಲಸಕ್ಕೆ ಬರುವಂತೆ ಇರಲು ಬೇಕಾದದ್ದರ ಅಳತೆ ಎಂಬುದೂ ಅವರಿಗೆ ಗೊತ್ತಿತ್ತು. ಸಂವಿಧಾನದ 43ನೆಯ ವಿಧಿ ಇದಕ್ಕೂ ಮುಂದೆ ಹೋಗಿ 'ಜೀವನ ವೇತನ'ದ ಮಾತಾಡುತ್ತದೆ. ನಾವಿನ್ನೂ ಅದರ ಹಿಂದಿನ ಮೆಟ್ಟಿಲನ್ನೇ ಹತ್ತಿಲ್ಲ.

ಗಮನಿಸಿ, ಮಧುಗಿರಿಯ ಅಮ್ಮನಿಗೆ 1957ರ ಸೂತ್ರದಲ್ಲಿ ಜಾಗವಿಲ್ಲ. ಮೂರು ಘಟಕಗಳಲ್ಲಿ ಅಜ್ಜಿ ತಾತ ಬರುವುದಿಲ್ಲ. ಈ ಕೊರತೆಯನ್ನು ತುಂಬಲು ಹೊರಟದ್ದು ಕೇಂದ್ರ ಸರ್ಕಾರವೇ ನೇಮಿಸಿದ ಅನೂಪ್ ಸತ್ಪತಿ ಸಮಿತಿ. ಅದು ಮೂರರ ಬದಲು 3.6 ಘಟಕಗಳನ್ನು ಲೆಕ್ಕಕ್ಕೆ ಹಿಡಿಯಿತು. ಕ್ಯಾಲೊರಿಯನ್ನು 2,400ಕ್ಕೆ ಇಳಿಸಿ ಪ್ರೋಟೀನು, ಕೊಬ್ಬುಗಳನ್ನು ಸೇರಿಸಿತು. 2019ರ ಜನವರಿಯಲ್ಲಿ ಕೊಟ್ಟ ವರದಿಯಲ್ಲಿ ದೇಶದ ತಳಮಟ್ಟದ ಕೂಲಿ ದಿನಕ್ಕೆ 375 ರೂಪಾಯಿ ಇರಬೇಕು, ನಗರದಲ್ಲಿ ಮನೆ ಬಾಡಿಗೆಗೆ ಇನ್ನಷ್ಟು ಸೇರಬೇಕು ಎಂದಿತು. ಅದೇ ವರ್ಷದ ಜುಲೈನಲ್ಲಿ ರಾಷ್ಟ್ರೀಯ ತಳಮಟ್ಟದ ಕೂಲಿ 176 ರೂಪಾಯಿಯಿಂದ 178ಕ್ಕೆ ಏರಿತು, ಎರಡು ರೂಪಾಯಿ. ಬದುಕಲು ಎಷ್ಟು ಬೇಕೆಂಬುದು ಆರು ತಿಂಗಳ ಹಿಂದೆಯಷ್ಟೇ ತಜ್ಞರ ಬಾಯಿಂದ ಸರ್ಕಾರಕ್ಕೆ ಗೊತ್ತಾಗಿತ್ತು. ಗೊತ್ತಿದ್ದೂ ಅದರ ಅರ್ಧಕ್ಕಿಂತ ಕಡಿಮೆಗೆ ಮುದ್ರೆ ಒತ್ತಿತು.

ಹೀಗೆ ಕೆಲಸವಿದ್ದೂ ಹಸಿವಿರುವುದು ನಮ್ಮ ಕಾಲದ, ನಮ್ಮ ದೇಶದ ವಿಚಿತ್ರವೇನಲ್ಲ. ಇಂಗ್ಲೆಂಡಿನ ಯಾರ್ಕ್ ಪಟ್ಟಣದಲ್ಲಿ ಸೀಬೋಮ್ ರೌಂಟ್ರಿ ಎಂಬ ಚಾಕೊಲೇಟ್ ತಯಾರಕರ ಮನೆತನದವನು 1899ರಲ್ಲಿ 11 ಸಾವಿರಕ್ಕೂ ಹೆಚ್ಚು ದುಡಿಯುವ ಕುಟುಂಬಗಳ ಲೆಕ್ಕ ತೆಗೆಸಿ, 1901ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಬಡವರು ಬಡವರಾಗಿರುವುದು ಸೋಮಾರಿತನದಿಂದ, ಕುಡಿತದಿಂದ ಎಂದೇ ಅಲ್ಲಿನ ಮಾನ್ಯರೂ ನಂಬಿದ್ದರು. ಒಂದು ಕಾಸೂ ವ್ಯರ್ಥ ಮಾಡದಿದ್ದರೂ ದೇಹ ಹಿಡಿದಿಟ್ಟುಕೊಳ್ಳಲು ಸಾಲದಷ್ಟು ವರಮಾನ ಇದ್ದವರನ್ನು ರೌಂಟ್ರಿ ಬೇರೆಯಾಗಿ ಎಣಿಸಿದ. ಅಂಥವರಲ್ಲಿ ಶೇ 52ರಷ್ಟು ಜನರ ಮನೆಯ ಯಜಮಾನನಿಗೆ ತಪ್ಪದೆ ಕೆಲಸವಿತ್ತು. ಸಂಬಳ ಮಾತ್ರ ಸಾಲುತ್ತಿರಲಿಲ್ಲ. ಸ್ವತಃ ಕಾರ್ಖಾನೆ ನಡೆಸುವ ಮನೆಯವನೇ ಈ ಮಾತು ಹೇಳಿದ್ದರಿಂದ ಅದನ್ನು ತಳ್ಳಿಹಾಕುವುದು ಕಷ್ಟವಾಯಿತು. ಈ ವಿಷಯಕ್ಕೆ ಸಾಕ್ಷಿ ನೂರಿಪ್ಪತ್ತು ವರ್ಷದಿಂದ ಪುಸ್ತಕದಲ್ಲಿದೆ. ನಮ್ಮಲ್ಲೂ 2007ರಲ್ಲಿ ಅರ್ಜುನ್ ಸೇನ್‌ಗುಪ್ತಾ ಆಯೋಗ ಅಸಂಘಟಿತ ವಲಯದ ಬಗ್ಗೆ ವರದಿ ಕೊಟ್ಟಿತು. ದೇಶದ ಶೇ 77 ಜನ ದಿನಕ್ಕೆ 20 ರೂಪಾಯಿಯೊಳಗೆ ಬದುಕುತ್ತಿದ್ದಾರೆ ಎಂಬ ಅದರ ಸಾಲು ಎಲ್ಲರ ಬಾಯಲ್ಲೂ ಓಡಾಡಿತು. ಆ ಜನ ಕೆಲಸವಿಲ್ಲದೆ ಕೂತವರಲ್ಲ, ಬಹುಪಾಲು ದುಡಿಯುವವರು ಮತ್ತು ಅವರ ಮನೆಯವರು ಎಂಬ ಅಂಶ ಮಾತ್ರ ಆ ಓಡಾಟದಲ್ಲಿ ಎಲ್ಲೋ ಬಿದ್ದುಹೋಯಿತು.

ಕಸುಬಿಲ್ಲ ಎಂಬ ಆಕ್ಷೇಪಕ್ಕೆ ಬರುತ್ತೇನೆ. ಇದನ್ನು ಹೇಳುವವರು ಒಮ್ಮೆ ಶರ್ಟಿನ ಕಾಲರನ್ನು ತಿರುವಿ ನೋಡಬೇಕು. ಆ ಹೊಲಿಗೆ ಒಂದು ನೂಲಿನಷ್ಟು ಆಚೀಚೆ ಆದರೂ ಚೆಕಿಂಗ್‌ನಲ್ಲಿ ಪೀಸು ವಾಪಸು ಬರುತ್ತದೆ, ಜೊತೆಗೆ ಸೂಪರ್‌ವೈಸರ್ ಬಾಯಿಂದ ಬೈಗುಳವೂ. ಗಂಟೆಯ ಟಾರ್ಗೆಟ್ ಮುಟ್ಟಲು ನೀರು ಕುಡಿಯುವುದನ್ನೇ ಕಮ್ಮಿ ಮಾಡಿಕೊಳ್ಳುವ ಹೆಂಗಸರಿದ್ದಾರೆ, ಯಾಕೆಂದರೆ ಕುಡಿದರೆ ಎದ್ದು ಹೋಗಬೇಕಾಗುತ್ತದೆ. ಇಷ್ಟು ಕೈಚಳಕ ಗಳಿಸಿದ ಟೈಲರ್‌ಗೂ ನಿನ್ನೆ ಮೊನ್ನೆ ಸೇರಿದ ಹೆಲ್ಪರ್‌ಗೂ ಕನಿಷ್ಠ ವೇತನದ ಅಧಿಸೂಚನೆಯಲ್ಲಿರುವ ಸಂಬಳದ ಅಂತರ ಬಹಳ ಕಿರಿದು. ಹದಿನೈದು ವರ್ಷ ಅದೇ ಮೆಷಿನ್ನಿನ ಮುಂದೆ ಕೂತವರ ಕೈ ಬೇರೆಯವರಿಗೆ ಕಲಿಸುವಷ್ಟು ಪಳಗಿರುತ್ತದೆ. ಸಂಬಳ ಮಾತ್ರ ತುಟ್ಟಿಭತ್ಯೆ ಏರಿದಷ್ಟೇ ಏರಿರುತ್ತದೆ. ಉದ್ಯೋಗ ಒಂದು ಏಣಿ, ಕೆಳಗಿನ ಮೆಟ್ಟಿಲಿಗೆ ಕಾಲಿಟ್ಟರೆ ಸಾಕು ಎನ್ನುವವರು ಈ ಏಣಿಗೆ ಎರಡನೆಯ ಮೆಟ್ಟಿಲು ಎಲ್ಲಿದೆ ಎಂದು ತೋರಿಸಬೇಕು.

ಓದಿಲ್ಲ ಎನ್ನುವವರಿಗೆ ನಮ್ಮ ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರನ್ನು ತೋರಿಸುತ್ತೇನೆ. ಎಂ.ಎ. ಮಾಡಿ, ನೆಟ್ಟೋ ಸ್ಲೆಟ್ಟೋ ಪಾಸು ಮಾಡಿ, ಕೆಲವರು ಪಿಎಚ್.ಡಿ.ಯನ್ನೂ ಮುಗಿಸಿ 2022ರ ಆರಂಭದವರೆಗೆ ತಿಂಗಳಿಗೆ 11ರಿಂದ 13 ಸಾವಿರಕ್ಕೆ ಪಾಠ ಮಾಡಿದರು. ರಜೆಯ ತಿಂಗಳುಗಳಲ್ಲಿ ಅದೂ ಇಲ್ಲ. ಆಗ ಹೋರಾಟ ಮಾಡಿ ಗೌರವಧನ ಏರಿಸಿಕೊಂಡರು. ಆದರೆ ಒಬ್ಬೊಬ್ಬರ ಪಾಠದ ಅವಧಿಯನ್ನು ಹೆಚ್ಚಿಸಿದ್ದರಿಂದ ಅವರ ಜೊತೆಯಲ್ಲೇ ಇದ್ದ ಎಷ್ಟೋ ಮಂದಿ ಕೆಲಸ ಕಳೆದುಕೊಂಡರು. ಓದು ಬಡತನ ನೀಗುತ್ತದೆ ಎಂದು ತರಗತಿಯಲ್ಲಿ ಹೇಳಬೇಕಾದವರೇ ಬಾಡಿಗೆಗೆ ಅಡ್ವಾನ್ಸ್ ಹೊಂದಿಸಲಾಗದೆ ಊರಿನಿಂದ ಬಸ್ಸಿನಲ್ಲಿ ಓಡಾಡಿದ್ದಾರೆ.

ಇನ್ನು ಉಳಿತಾಯದ ಮಾತು. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ದುಡಿಯುವವರ ಬಡತನ ಹೇಗೆ ಕೆಲಸ ಮಾಡುತ್ತದೆ ಎಂಬುದು ಇಲ್ಲಿ ಕಾಣುವಷ್ಟು ನಿಚ್ಚಳವಾಗಿ ಬೇರೆಲ್ಲೂ ಕಾಣುವುದಿಲ್ಲ. 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರು ನೋಡಿದ್ದು ನೆನಪಿರಬಹುದು. ಹೊಸೂರು ರಸ್ತೆಯಲ್ಲಿ, ಮೈಸೂರು ರಸ್ತೆಯಲ್ಲಿ, ಪೀಣ್ಯದಲ್ಲಿ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಕಾರ್ಖಾನೆಗಳಿಂದ ಹೊರಬಂದು ರಸ್ತೆಯಲ್ಲಿ ಕೂತರು. ಯಾವ ಸಂಘಟನೆಯೂ ಕರೆ ಕೊಟ್ಟಿರಲಿಲ್ಲ. ಲಾಠಿ ಬಿತ್ತು, ಬಸ್ಸುಗಳಿಗೆ ಬೆಂಕಿ ಬಿತ್ತು, ಪತ್ರಿಕೆಗಳು ಹೆಚ್ಚು ಬರೆದದ್ದು ಬೆಂಕಿಯ ಬಗ್ಗೆ. ಕಾರಣ ಇಷ್ಟೇ. ಭವಿಷ್ಯನಿಧಿಯಲ್ಲಿ, ಅಂದರೆ ಪಿಎಫ್‌ನಲ್ಲಿ, ಮಾಲೀಕರು ಹಾಕಿದ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಆ ಫೆಬ್ರವರಿಯಲ್ಲಿ ನಿಯಮ ಬದಲಿಸಿತ್ತು. ನಾಳೆಗೆಂದು ಇಟ್ಟ ದುಡ್ಡನ್ನು ಇವತ್ತೇ ತಿಂದುಬಿಡಬಾರದು ಎಂಬ ಸದಾಶಯ ಅದರ ಹಿಂದಿತ್ತು. ಶಿಬಿರದ ಅಧಿಕಾರಿಯ ಮಾತೂ ಅದೇ ಆಗಿತ್ತಲ್ಲವೇ?

ಈ ಹೆಣ್ಣುಮಕ್ಕಳ ಪಾಲಿಗೆ ಪಿಎಫ್ ಮುಪ್ಪಿನ ದುಡ್ಡಲ್ಲ. ಅವರ ಹೆಸರಿನಲ್ಲಿ ಇಡಿಯಾಗಿ ಇರುವ ಹಣ ಅದೊಂದೇ. ಮನೆಗೆ ಅಡ್ವಾನ್ಸ್ ಕೊಡಬೇಕು, ಮಗಳನ್ನು ಕಾಲೇಜಿಗೆ ಸೇರಿಸಬೇಕು, ಬಡ್ಡಿಯವನ ಬಾಯಿ ಮುಚ್ಚಿಸಬೇಕು ಎಂದಾಗ ಅದಕ್ಕೆ ಕೈಹಾಕಬೇಕು. ಕೈಹಾಕಲು ಆಗ ಇದ್ದ ಸುಲಭದ ದಾರಿ ಕೆಲಸ ಬಿಡುವುದು. ಎರಡು ತಿಂಗಳು ಕೆಲಸವಿಲ್ಲದೆ ಇದ್ದರೆ ಹಣ ಬಿಡುಗಡೆಯಾಗುತ್ತಿತ್ತು. ಹಾಗಾಗಿ ನಾಲ್ಕು ವರ್ಷವೋ ನಾಲ್ಕೂವರೆ ವರ್ಷವೋ ದುಡಿದವಳು ರಾಜೀನಾಮೆ ಬರೆದುಕೊಟ್ಟು, ತನ್ನದೇ ದುಡ್ಡಿಗಾಗಿ ಎರಡು ತಿಂಗಳ ಸಂಬಳ ಬಿಟ್ಟು, ಪಕ್ಕದ ಕಾರ್ಖಾನೆಗೆ ಹೊಸಬಳಾಗಿ ಸೇರುತ್ತಿದ್ದಳು. ಗ್ರಾಚ್ಯುಟಿಗೆ 1972ರ ಕಾಯ್ದೆ ಕೇಳಿದ್ದು ಐದು ವರ್ಷದ ಸತತ ಸೇವೆ, ಅದು ಅಲ್ಲಿಗೆ ತಪ್ಪಿತು. ಸೇವಾ ಹಿರಿತನ ಅಳಿಸಿಹೋಯಿತು. ಹೀಗೆ ಮೂರು ನಾಲ್ಕು ಸಲ ಆಗುವಷ್ಟರಲ್ಲಿ ವಯಸ್ಸು ನಲವತ್ತು ದಾಟುತ್ತದೆ, ಕಣ್ಣು ಮಂಜಾಗುತ್ತದೆ, ಲೈನ್‌ನಲ್ಲಿ ವೇಗ ಸಾಲುವುದಿಲ್ಲ. ಹತ್ತು ವರ್ಷ ಪೂರೈಸಿ ಪಿಂಚಣಿಗೆ ಅರ್ಹರಾದವರಿಗೂ 2014ರಲ್ಲಿ ನಿಗದಿಯಾದ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ. ಹೊರಗಿನಿಂದ ನೋಡುವವರಿಗೆ ಇದೆಲ್ಲ ದೂರದೃಷ್ಟಿಯಿಲ್ಲದ ನಡವಳಿಕೆ. ಆಕೆಯ ಜಾಗದಲ್ಲಿ ನಿಂತು ನೋಡಿದರೆ ಒಂದೊಂದು ಹೆಜ್ಜೆಯೂ ಲೆಕ್ಕ ಹಾಕಿಯೇ ಇಟ್ಟದ್ದು. ಬಡತನ ಆಕೆಯಿಂದ ತಪ್ಪು ಮಾಡಿಸುತ್ತಿಲ್ಲ, ದುಬಾರಿ ದಾರಿಯನ್ನೇ ಹಿಡಿಸುತ್ತಿದೆ. ಏಪ್ರಿಲ್‌ನ ಆ ಪ್ರತಿಭಟನೆಯ ಬೆನ್ನಲ್ಲೇ ಕೇಂದ್ರ ಸರ್ಕಾರ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ನಗರದ ಅತಿ ಕಡಿಮೆ ಸಂಬಳದ ಹೆಂಗಸರು ತಮ್ಮ ಹಣಕಾಸನ್ನು ಎಷ್ಟು ಚೆನ್ನಾಗಿ ಅರಿತಿದ್ದರು ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ. ತಿಳಿವಳಿಕೆ ಶಿಬಿರಗಳು ಇದನ್ನು ನೆನಪಿಡಬೇಕು.

ಸಾಲದ ಕಥೆಯೂ ಇದರೊಳಗೇ ಇದೆ. ಆಕೆ ಓದಿದ 2,400ರ ಕಂತು ಯಾವುದಕ್ಕೆ ಎಂದು ಅಧಿಕಾರಿ ಕೇಳಿದ್ದರು. ಮನೆ ಬದಲಿಸಿದಾಗ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೊಡಬೇಕಾಯಿತು ಎಂಬುದು ಉತ್ತರ. ತಿಂಗಳ ಸಂಬಳದವರಿಗೆ ಬ್ಯಾಂಕು ಕಡಿಮೆ ಬಡ್ಡಿಯ ಸಾಲ ಮನೆ ಬಾಗಿಲಿಗೆ ತರುತ್ತದೆ. ಈಕೆಯೂ ತಿಂಗಳ ಸಂಬಳದವರೇ. ಆದರೆ ಈಕೆಯ ಬಾಗಿಲಿಗೆ ಬರುವುದು ವಾರದ ಕಂತಿನ ಮೈಕ್ರೋಫೈನಾನ್ಸ್. ವಸೂಲಿಯ ಕಾಟ ತಾಳಲಾರದೆ ಜನ ಊರು ಬಿಟ್ಟ, ಜೀವ ಬಿಟ್ಟ ಸುದ್ದಿಗಳು ಹೆಚ್ಚಾದ ಮೇಲೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಬೇಕಾಗಿತ್ತು, ತಂದರು. ಆದರೆ ಸಂಬಳದಲ್ಲಿ ಕೊಡದೆ ಉಳಿಸಿಕೊಂಡದ್ದನ್ನೇ ನಾವು ಬಡ್ಡಿ ಹಾಕಿ ಸಾಲವಾಗಿ ಕೊಡುತ್ತಿದ್ದೇವೆ ಎಂಬ ಮಾತನ್ನು ಆ ಚರ್ಚೆಯಲ್ಲಿ ಯಾರೂ ಆಡಿದ್ದು ನಾನು ಕೇಳಲಿಲ್ಲ.

ಸಂಬಳ ಏರಿಸಿದರೆ ಕಾರ್ಖಾನೆ ಬಾಂಗ್ಲಾದೇಶಕ್ಕೆ ಹೋಗುತ್ತದೆ ಎಂಬುದು ಎಲ್ಲಕ್ಕಿಂತ ಗಟ್ಟಿಯಾದ ವಾದ. ಅದನ್ನು ನಾನು ಹಗುರವಾಗಿ ನೋಡುವುದಿಲ್ಲ. ವಿದೇಶಿ ಬ್ರ್ಯಾಂಡುಗಳು ಒಂದು ಶರ್ಟಿಗೆ ಕೊಡುವ ದರವನ್ನು ಪೈಸೆಗೆ ಪೈಸೆ ಹಿಂಡುತ್ತವೆ, ಇಲ್ಲಿನ ಮಾಲೀಕ ಆ ಹಿಂಡುವಿಕೆಯನ್ನು ಕೆಳಕ್ಕೆ ದಾಟಿಸುತ್ತಾನೆ. ಬೆಂಗಳೂರಿನಿಂದ ರಾಮನಗರ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳ ಕಡೆಗೆ ಕಾರ್ಖಾನೆಗಳು ಸರಿದದ್ದರಲ್ಲೂ ಅಲ್ಲಿನ ವಲಯಕ್ಕೆ ನಿಗದಿಯಾದ ಕಡಿಮೆ ವೇತನದ ಪಾಲಿದೆ. ಆದರೆ ಈ ಭಯ ಎಷ್ಟು ದೂರ ಹೋಯಿತು ನೋಡಿ. 2018ರ ಫೆಬ್ರವರಿಯಲ್ಲಿ ಗಾರ್ಮೆಂಟ್ಸ್ ಸೇರಿ ಕೆಲವು ಉದ್ಯಮಗಳ ಕನಿಷ್ಠ ವೇತನ ಏರಿಸುವ ಕರಡು ಹೊರಟು, ತಿಂಗಳು ಕಳೆಯುವಷ್ಟರಲ್ಲಿ ವಾಪಸಾಯಿತು. 2020ರ ಏಪ್ರಿಲ್‌ನಿಂದ ಸೇರಬೇಕಿದ್ದ ತುಟ್ಟಿಭತ್ಯೆ ತಿಂಗಳಿಗೆ ಸುಮಾರು 417 ರೂಪಾಯಿ. ಬೆಲೆ ಏರಿದ್ದಕ್ಕೆ ಕೊಡುವ ಪರಿಹಾರವೇ ಹೊರತು ಅದು ಸಂಬಳದ ಹೆಚ್ಚಳವೂ ಅಲ್ಲ. ಕೋವಿಡ್ ಕಾರಣ ಹೇಳಿ ಸರ್ಕಾರ ಅದನ್ನು ಒಂದು ವರ್ಷ ಮುಂದೂಡಿತು. ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟ ಮೇಲೂ ರಾಜ್ಯದ ನಾಲ್ಕು ಲಕ್ಷಕ್ಕೂ ಹೆಚ್ಚು ಗಾರ್ಮೆಂಟ್ಸ್ ಕಾರ್ಮಿಕರಿಗೆ ಆ ಹಣ ಸಿಕ್ಕಿಲ್ಲ ಎಂದು ಕಾರ್ಮಿಕ ಹಕ್ಕುಗಳ ಅಂತರರಾಷ್ಟ್ರೀಯ ಸಂಸ್ಥೆಯೊಂದು 2021ರ ಕೊನೆಯಲ್ಲಿ ಬಯಲು ಮಾಡಿತು. ವಿದೇಶದಲ್ಲಿ ಸುದ್ದಿಯಾದ ಮೇಲೆ 2022ರಲ್ಲಿ ಬಾಕಿ ಕೊಡುವ ಮಾತು ಬಂತು. ಕಾನೂನು ಹೇಳಿದ ಸಂಬಳ ಕೊಟ್ಟರೆ ಉದ್ಯಮ ಉಳಿಯುವುದಿಲ್ಲ ಎಂದಾದರೆ ಅದನ್ನು ಉಳಿಸಿಕೊಂಡು ಬಂದವರು ಯಾರು? ತಿಂಗಳಿಗೆ 417 ರೂಪಾಯಿ ಬಿಟ್ಟುಕೊಟ್ಟ ಹೆಲ್ಪರುಗಳು. ಉದ್ಯಮದ ಹೂಡಿಕೆದಾರರ ಪಟ್ಟಿಯಲ್ಲಿ ಅವರ ಹೆಸರು ಬರಬೇಕಿತ್ತು.

1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ದೊಡ್ಡ ಮಾತು ಹೇಳಿತು. ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸಿಕೊಳ್ಳುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದಿತು. ಹಸಿವೂ ಒಂದು ಬಲವಂತವೇ, ಹೊಟ್ಟೆಗಿಲ್ಲದವನು ಕಡಿಮೆ ಕೂಲಿಗೆ ಒಪ್ಪಿದ್ದನ್ನು ಸ್ವಂತ ಇಚ್ಛೆ ಎನ್ನಲಾಗದು ಎಂಬುದು ಅದರ ತಿರುಳು. ನಮ್ಮ ಹಳ್ಳಿಗಳಲ್ಲಿ ಬಿಟ್ಟಿ ಚಾಕರಿ ಎನ್ನುತ್ತಿದ್ದರಲ್ಲ, ಕಾನೂನಿನ ಕಣ್ಣಲ್ಲಿ ಇದು ಅದರದೇ ಸಾಲಿಗೆ ಸೇರಿತು. 'ಇಷ್ಟವಿಲ್ಲದಿದ್ದರೆ ಬಿಟ್ಟು ಹೋಗಲಿ, ಇನ್ನೊಬ್ಬರು ಕಾಯುತ್ತಿದ್ದಾರೆ' ಎನ್ನುವವರು ಈ ತೀರ್ಪನ್ನು ಓದಬೇಕು.

ಬಾಂಗ್ಲಾದೇಶದ ವಾದಕ್ಕೆ ಇನ್ನೊಂದು ಉತ್ತರವಿದೆ, ಅದನ್ನು ಜನ ಏಕೆ ಎತ್ತುವುದಿಲ್ಲವೋ ತಿಳಿಯದು. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಹನ್ನೆರಡು ಗಂಟೆ ನಿಲ್ಲುವ ಸೆಕ್ಯುರಿಟಿಯವರು ಢಾಕಾಗೆ ಹೋಗುವುದಿಲ್ಲ. ಆಸ್ಪತ್ರೆಯ ನೆಲ ಒರೆಸುವ ಹೌಸ್‌ಕೀಪಿಂಗ್‌ನ ಅಕ್ಕ, ಊಟ ತಂದುಕೊಡುವ ಡೆಲಿವರಿ ಹುಡುಗ, ಬೆಳಗಿನ ಜಾವ ಬೀದಿ ಗುಡಿಸುವ ಪೌರಕಾರ್ಮಿಕರು, ಇವರ ಕೆಲಸವನ್ನು ಯಾವ ಹಡಗಿನಲ್ಲೂ ಹೇರಿ ಕಳಿಸಲಾಗದು. ಇಲ್ಲಿ ಅಂತರರಾಷ್ಟ್ರೀಯ ಪೈಪೋಟಿ ಇಲ್ಲ. ಆದರೂ ಸಂಬಳ ಅಷ್ಟೇ. ನಡುವೆ ಗುತ್ತಿಗೆದಾರ ಕೂತಿರುತ್ತಾನೆ. ದುಡಿಸಿಕೊಳ್ಳುವವರು 'ಅವರು ಏಜೆನ್ಸಿಯವರು, ನಮ್ಮವರಲ್ಲ' ಎನ್ನುತ್ತಾರೆ, ಏಜೆನ್ಸಿ 'ಟೆಂಡರಿನ ದರವೇ ಅಷ್ಟು' ಎನ್ನುತ್ತದೆ. ಬೆಂಗಳೂರಿನ ಪೌರಕಾರ್ಮಿಕರು ಗುತ್ತಿಗೆಯ ಈ ಗೋಡೆಯನ್ನು ವರ್ಷಗಟ್ಟಲೆ ಹೋರಾಡಿ ಕೆಡವಿ, ನೇರ ಪಾವತಿ ಪಡೆದು, ಅವರಲ್ಲಿ ಸಾವಿರಾರು ಮಂದಿ ಖಾಯಂ ಆದರು. ಬೀದಿ ಅದೇ, ಪೊರಕೆ ಅದೇ, ಗುಡಿಸುವ ಕೈ ಅದೇ. ಬದಲಾದದ್ದು ಕಾಗದ. ಆ ಕಾಗದದಿಂದಲೇ ಸಂಸಾರದ ಸ್ಥಿತಿ ಬದಲಾಗುತ್ತದೆ ಎಂದ ಮೇಲೆ, ಬಡತನ ದುಡಿಯುವವರ ಗುಣದಲ್ಲಿದೆ ಎಂಬ ಮಾತು ಎಲ್ಲಿ ನಿಲ್ಲುತ್ತದೆ?

ಅತಿ ಬೇಸರದ ಉದಾಹರಣೆ ಸರ್ಕಾರದ ಮನೆಯೊಳಗೇ ಇದೆ. 1975ರ ಅಕ್ಟೋಬರ್ 2ರಂದು ದೇಶದ ಮೊದಲ ಸಮಗ್ರ ಶಿಶು ಅಭಿವೃದ್ಧಿ ಯೋಜನೆಗಳಲ್ಲಿ ಒಂದು ನಮ್ಮ ಟಿ. ನರಸೀಪುರದಲ್ಲಿ ಶುರುವಾಯಿತು. ಅಂದಿನಿಂದ ಇಂದಿನವರೆಗೆ ಅಂಗನವಾಡಿ ಟೀಚರ್ ಮಕ್ಕಳಿಗೆ ಊಟ ಹಾಕುತ್ತಾರೆ, ತೂಕ ನೋಡುತ್ತಾರೆ, ಬಸುರಿಯರ ಪಟ್ಟಿ ಇಡುತ್ತಾರೆ, ಚುನಾವಣೆ ಬಂದರೆ ಮನೆಮನೆ ಸುತ್ತುತ್ತಾರೆ. ಅವರಿಗೆ ಸಿಗುವುದು ಸಂಬಳವಲ್ಲ, 'ಗೌರವಧನ'. ಆಶಾ ಕಾರ್ಯಕರ್ತೆ ಕಾಗದದ ಮೇಲೆ 'ಸ್ವಯಂಸೇವಕಿ'. ಶಾಲೆಯ ಬಿಸಿಯೂಟದ ಅಡುಗೆಯವರಿಗೆ ರಾಷ್ಟ್ರೀಯ ಯೋಜನೆಯಲ್ಲಿ 2009ರಲ್ಲಿ ನಿಗದಿಯಾದದ್ದು ತಿಂಗಳಿಗೆ 1,000 ರೂಪಾಯಿ, ಅದೂ ವರ್ಷಕ್ಕೆ ಹತ್ತು ತಿಂಗಳು. ರಾಜ್ಯಗಳು ತಮ್ಮ ಪಾಲು ಸೇರಿಸಿವೆ, ಆ ಮೂಲ ಮೊತ್ತ ಮಾತ್ರ ವರ್ಷಾನುಗಟ್ಟಲೆ ಅಲುಗಲಿಲ್ಲ. ಗೌರವಧನ ಎಂಬ ಪದವನ್ನು ಎಷ್ಟು ಯೋಚಿಸಿ ಆರಿಸಿದ್ದಾರೆ! ಸಂಬಳ ಎಂದು ಕರೆದರೆ ಕನಿಷ್ಠ ವೇತನದ ಕಾನೂನು ಬಂದು ಬಾಗಿಲು ತಟ್ಟುತ್ತದೆ. ಗೌರವಕ್ಕೆ ಕನಿಷ್ಠ ಇಷ್ಟಿರಬೇಕು ಎಂಬ ಕಾಯ್ದೆ ಇಲ್ಲ. ಅಂಗನವಾಡಿಯವರಿಗೂ ಗ್ರಾಚ್ಯುಟಿ ಸಲ್ಲಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಬೇಕಾಯಿತು. ವಿಧಾನಸೌಧದ ನೆತ್ತಿಯ ಮೇಲೆ ಸರ್ಕಾರದ ಕೆಲಸ ದೇವರ ಕೆಲಸ ಎಂದು ಕೆತ್ತಿದೆ. ಅಲ್ಲಿಂದ ನಡೆದು ಹೋಗುವಷ್ಟು ದೂರದ ಫ್ರೀಡಂ ಪಾರ್ಕಿನಲ್ಲಿ ಆ ಕೆಲಸ ಮಾಡುವ ಹೆಂಗಸರು ಧರಣಿ ಕೂತು ಚಳಿಯಲ್ಲಿ ರಾತ್ರಿ ಕಳೆದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆ ನೋಟ ಮರೆಯಲಾಗಿಲ್ಲ.

'ಗ್ಯಾರಂಟಿ ಕೊಟ್ಟು ಜನರನ್ನು ಸೋಮಾರಿ ಮಾಡಿದರು' ಎಂಬ ಮಾತಿಗೂ ಇಲ್ಲೇ ಉತ್ತರ ಹೇಳಬೇಕು. 2023ರ ಜೂನ್ 11ರಂದು ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾದಾಗ ಬೆಳಗಿನ ಬಸ್ಸುಗಳನ್ನು ತುಂಬಿದವರು ಯಾರೆಂದು ಆ ಹೊತ್ತಿಗೆ ಎದ್ದು ನೋಡಿದವರಿಗೆ ಗೊತ್ತು. ಕೆಲಸಕ್ಕೆ ಹೋಗುವವರು. ಬಸ್ ಚಾರ್ಜು ಉಳಿದದ್ದರಿಂದ ದೂರದ, ನಾಲ್ಕು ಕಾಸು ಹೆಚ್ಚು ಕೊಡುವ ಕೆಲಸಕ್ಕೆ ಹೋಗಲು ಕೆಲವರಿಗೆ ಸಾಧ್ಯವಾಯಿತು. ನಾನು ಈ ಯೋಜನೆಗಳ ಪರ. ಪರವಾಗಿದ್ದುಕೊಂಡೇ ಒಂದು ಪ್ರಶ್ನೆ ಕೇಳುತ್ತೇನೆ. ದಿನಕ್ಕೆ ಎಂಟು ಒಂಬತ್ತು ಗಂಟೆ ದುಡಿಯುವವಳಿಗೆ ಅಕ್ಕಿ, ಬಸ್ಸು, ಕರೆಂಟು, 2,000 ರೂಪಾಯಿ ಸರ್ಕಾರ ಕೊಡಬೇಕಾಗಿ ಬಂದದ್ದು ಏಕೆ? ದುಡಿಸಿಕೊಂಡವರು ಕೊಡಬೇಕಾದದ್ದನ್ನು ಕೊಡದ್ದರಿಂದ. ಆ ಮಟ್ಟಿಗೆ ಇದು ಆಕೆಯ ಕೈಯ ಮೂಲಕ ಹಾದುಹೋಗುವ ಸಹಾಯಧನ. ಅದರ ಲಾಭದಲ್ಲಿ ಮಾಲೀಕರ ಪಾಲಿದೆ, ಬ್ರ್ಯಾಂಡಿನ ಪಾಲಿದೆ, ಕಡಿಮೆ ಬೆಲೆಗೆ ಶರ್ಟು ತೊಡುವ ನಮ್ಮೆಲ್ಲರ ಪಾಲೂ ಇದೆ. ಬಿಟ್ಟಿ ತಿಂದ ಹೆಸರು ಮಾತ್ರ ಆಕೆಗೆ.

ಇದಕ್ಕೆ ಇನ್ನೊಂದು ತಿರುವು ಸೇರಿಕೊಂಡಿದೆ. ರಾಜ್ಯದಲ್ಲಿ ಬಿಪಿಎಲ್ ಕಾರ್ಡಿಗೆ ಇರುವ ವಾರ್ಷಿಕ ಆದಾಯದ ಮಿತಿ 1.2 ಲಕ್ಷ ರೂಪಾಯಿ. ತಿಂಗಳಿಗೆ 10 ಸಾವಿರ. ಇಡೀ ಕುಟುಂಬಕ್ಕೆ. ಅಂದರೆ ಒಬ್ಬಳೇ ಒಬ್ಬಳು ತಿಂಗಳಿಡೀ ಕೆಲಸ ಮಾಡಿ ಕಾನೂನುಬದ್ಧ ಕನಿಷ್ಠ ವೇತನ ತಂದರೂ ಕಾಗದದ ಲೆಕ್ಕದಲ್ಲಿ ಆ ಮನೆ ಬಡವರ ಪಟ್ಟಿಯಿಂದ ಆಚೆ. ಪಿಎಫ್ ಖಾತೆ ಇರುವುದರಿಂದ ಆಕೆಯ ಆದಾಯ ಬಚ್ಚಿಡಲು ಬರುವುದಿಲ್ಲ. ಅನರ್ಹ ಕಾರ್ಡು ರದ್ದು ಮಾಡುತ್ತೇವೆಂಬ ಮಾತು ಎದ್ದಾಗಲೆಲ್ಲ ಈ ಮನೆಗಳಲ್ಲಿ ಏಳುವ ದಿಗಿಲನ್ನು ನಾನು ಬಲ್ಲೆ. ದುಡಿದು ಬದುಕು ಎನ್ನುವ ವ್ಯವಸ್ಥೆಯೇ, ಲೆಕ್ಕಕ್ಕೆ ಸಿಗುವ ಹಾಗೆ ದುಡಿದವಳನ್ನು ಹೀಗೆ ಹಿಡಿದು ಹೊರಗೆ ನಿಲ್ಲಿಸುತ್ತದೆ.

ಸಣ್ಣ ಮಾಲೀಕರ ಕಷ್ಟ ನನಗೆ ಕಾಣದೆ ಇಲ್ಲ. ರಾಜಗೋಪಾಲನಗರದಲ್ಲಿ ನಾಲ್ಕು ಲೇತ್ ಇಟ್ಟುಕೊಂಡವರು, ಬಿಲ್ಲಿನ ಹಣಕ್ಕೆ ದೊಡ್ಡ ಕಂಪನಿಯ ಬಾಗಿಲಲ್ಲಿ ಮೂರು ತಿಂಗಳು ಕಾಯುವವರು, ಸಂಬಳ ಏರಿಸಿ ಎಂದಾಕ್ಷಣ ಏರಿಸಲಾರರು. ಅವರ ತೊಂದರೆಗೆ ಬಾಕಿ ಬೇಗ ಕೊಡಿಸುವುದು, ಸಾಲದ ಬಡ್ಡಿ ಇಳಿಸುವುದು, ವೇತನವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುವುದು ಇಂಥ ದಾರಿಗಳಿವೆ. ಅವರ ಹೆಸರು ಮುಂದೆ ಮಾಡಿಕೊಂಡು ಸಾವಿರಾರು ಕೋಟಿಯ ವಹಿವಾಟಿನವರು ವಿನಾಯಿತಿ ಕೇಳುವುದನ್ನು ಮಾತ್ರ ಒಪ್ಪಲಾಗದು.

2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ, 1991ರ ಆ ತೀರ್ಪಿನ ಸೂತ್ರವನ್ನೇ ಆಧಾರವಾಗಿಟ್ಟುಕೊಂಡು, ಕನಿಷ್ಠ ವೇತನವನ್ನು ಗಣನೀಯವಾಗಿ ಏರಿಸುವ ಕರಡನ್ನು ಹೊರಡಿಸಿತು. ಉದ್ಯಮ ಸಂಘಟನೆಗಳು ಕೂಡಲೇ ಆಕ್ಷೇಪಿಸಿದವು. ಇಷ್ಟು ಕೊಟ್ಟರೆ ನಡೆಸಲಾಗದು ಎಂದು ಕೋಷ್ಟಕಗಳ ಸಮೇತ ವಿವರಿಸಿದವು. ಆಕ್ಷೇಪಿಸುವುದು ಅವರ ಹಕ್ಕು. ನನ್ನದೊಂದು ಕೋರಿಕೆ ಇದೆ. ಮುಂದೆ ಯಾವುದೇ ಕರಡಿನ ಮೇಲೆ ಆಕ್ಷೇಪಣೆ ಸಲ್ಲಿಸುವವರು ತಾವು ಕೊಡಬಲ್ಲ ಸಂಬಳ ಎಷ್ಟೆಂದು ಬರೆಯಲಿ. ಆ ಸಂಬಳದಲ್ಲಿ ನಾಲ್ವರ ಕುಟುಂಬ ಲಗ್ಗೆರೆಯಲ್ಲೋ ಬೊಮ್ಮನಹಳ್ಳಿಯಲ್ಲೋ ಎಂಥ ಮನೆ ಹಿಡಿಯಬಹುದು, ಅದರ ಅಡ್ವಾನ್ಸ್ ಎಲ್ಲಿಂದ ತರಬೇಕು, ಫೀಸು ಎಷ್ಟು, ಗ್ಯಾಸು ಎಷ್ಟು, ಊರಲ್ಲಿರುವ ತಾಯಿಯ ಮಾತ್ರೆಗೆ ಎಷ್ಟು ಎಂದು ತಿಂಗಳ ಲೆಕ್ಕ ಮಾಡಿ, ಸಹಿ ಹಾಕಿ, ಆಕ್ಷೇಪಣೆಯ ಜೊತೆಗೆ ಲಗತ್ತಿಸಲಿ. ನೋಟ್‌ಬುಕ್ಕಿನ ಒಂದು ಹಾಳೆ ಸಾಕು. ಊಟದ್ದನ್ನೂ ಬರೆದಿರಲಿ.